ಕೊಳವೆಯೊಳಗೆ ಕೂತು ಬರುವ ಅತ್ತಿಗೆ

ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬೋರಲು ಹಾಕಿದ ಮೇಲೆ ಅತ್ತಿಗೆ ಕೊಳವೆಯೊಳಗೆ ಹೋಗುತ್ತಾರೆ. ದೇಹಸಮೇತ ಅಲ್ಲ. ಅವರ ಗಾತ್ರಕ್ಕೆ ತಕ್ಕ ಕೊಳವೆಯನ್ನು ಈ ಲೋಕದಲ್ಲಿ ಇನ್ನೂ ಯಾರೂ ಎರಕ ಹೊಯ್ದಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಒರಗಿ, ಚಪ್ಪಲಿ ಕಳಚಿ, ಬಳೆಯಂಥ ಒಂದು ಬಿಳಿ ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಾರೆ. ಅಷ್ಟೇ. ಅಲ್ಲಿಂದಾಚೆಗೆ ಅವರನ್ನು ಯಾರೂ ಕರೆಯುವಂತಿಲ್ಲ. ಹೊಸಬರು ಯಾರಾದರೂ ಬಂದು, "ಇವರಿಗೆ ನಿದ್ದೆ ಬಂದಿದೆ ಅನ್ಸತ್ತೆ" ಅಂದರೆ ಕಾರ್ಖಾನೆಯ ಲೇತ್ ಯಂತ್ರದ ಹತ್ತಿರ ನಿಂತ ಮೈದುನ ತುಟಿಯ ಮೇಲೆ ಬೆರಳಿಟ್ಟು ಹೇಳುತ್ತಾನೆ: "ಶ್! ಅತ್ತಿಗೆ ಒಳಗೆ ಹೋಗಿದ್ದಾರೆ. ಈಗ ಎಬ್ಬಿಸಿದ್ರೆ ಅರ್ಧ ಅಲ್ಲೇ ಉಳ್ಕೊಂಡುಬಿಡ್ತಾರೆ."

ಅವನಿಗೆ ಅವರು ನಿಜಕ್ಕೂ ಅತ್ತಿಗೆ, ಅಣ್ಣನ ಹೆಂಡತಿ. ಉಳಿದವರಿಗೆ ಅವರು ಏನೂ ಆಗಬೇಕಾಗಿಲ್ಲ. ಆದರೆ ಒಬ್ಬ ಕೂಗಿದ್ದನ್ನು ಕೇಳಿ ಇನ್ನೊಬ್ಬ ಕೂಗಿ, ಈಗ ಕಾರ್ಖಾನೆಗೆ ಕಾರ್ಖಾನೆಯೇ ಅವರನ್ನು ಅತ್ತಿಗೆ ಅನ್ನುತ್ತದೆ. ತಲೆಯ ಮೇಲೆ ಒಂದೂ ಕಪ್ಪು ಕೂದಲಿಲ್ಲದ ಮಾಲೀಕರು ಕೂಡ "ಏನ್ ಅತ್ತಿಗೆ?" ಎಂದೇ ಮಾತು ಶುರುಮಾಡುತ್ತಾರೆ. ನಿಜವಾದ ಅಣ್ಣ, ಅಂದರೆ ಅತ್ತಿಗೆಯ ಗಂಡ, ಹಡಗಿನಲ್ಲಿ ಅಡುಗೆಯವನು. ಮನೆಗೆ ಧೂಮಕೇತುವಿನ ಹಾಗೆ ಬರುತ್ತಾನೆ. ಬಂದಾಗ ಎಲ್ಲರೂ ಮನೆಯ ಹೊರಗೆ ನಿಂತು ನೋಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ.

ಕಾರ್ಖಾನೆಯಲ್ಲಿ ತಯಾರಾಗುವುದು ವಾಲ್ವ್. ಕೊಳವೆಗೆ ಬಾಗಿಲು ಅಂತಿಟ್ಟುಕೊಳ್ಳಿ. ಒಳಗೆ ನಡುವೆ ತೂತಿರುವ ಒಂದು ಉಕ್ಕಿನ ಗುಂಡು. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಗುಂಡಿನ ತೂತು ಕೊಳವೆಗೆ ನೇರವಾಗಿ ನಿಂತು ದ್ರವ ಹರಿಯುತ್ತದೆ. ಹಿಂದಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಆ ಗುಂಡಿನ ಆಚೆಗೊಂದು ಈಚೆಗೊಂದು ಉಂಗುರ, ಗುಂಡು ಕೂರುವ ಸೀಟು. ಲೋಕದ ಸಿಂಹಾಸನಗಳಲ್ಲೆಲ್ಲ ಇದೇ ಕಿರಿದು. ಆದರೂ ಇದರ ಮೇಲೆ ಕೂತವನು ನೆಟ್ಟಗೆ ಕೂರದಿದ್ದರೆ ರಾಜ್ಯಕ್ಕೆ ರಾಜ್ಯವೇ ಸೋರಿಹೋಗುತ್ತದೆ. ಆ ಉಂಗುರವನ್ನು ಯಾವ ಪಾಲಿಮರ್‌ನಿಂದ ಮಾಡಬೇಕು ಅನ್ನುವುದನ್ನು ಆರಿಸುವುದೇ ಅತ್ತಿಗೆಯ ಉದ್ಯೋಗ. ಅದನ್ನು ಪ್ಲಾಸ್ಟಿಕ್ ಅಂದರೆ ಅವರಿಗೆ ಮೂಗಿನ ತುದಿಯಲ್ಲಿ ಕೋಪ. "ನಿಮ್ಮನ್ನ ಬರೀ ಪ್ರಾಣಿ ಅಂದ್ರೆ ಸುಮ್ನಿರ್ತೀರಾ?" ಎನ್ನುತ್ತಾರೆ.

ಓದಿದ್ದು ರಸಾಯನಶಾಸ್ತ್ರ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಮಕ್ಕಳಿಗಿಂತ ಮುಂಚೆ ಮೇಷ್ಟ್ರಮ್ಮನೇ ಕಣ್ಣು ಮುಚ್ಚುತ್ತಿದ್ದುದರಿಂದ ಆ ಕೆಲಸ ಉಳಿಯಲಿಲ್ಲ. ಇಲ್ಲಿ ಅದೇ ಗುಣಕ್ಕೆ ಕುರ್ಚಿ ಸಿಕ್ಕಿತು.

ಅವರ ಲೆಕ್ಕದಲ್ಲಿ ಪಾಲಿಮರ್‌ಗಳೆಲ್ಲ ನೆಂಟರಿಷ್ಟರು. ಟೆಫ್ಲಾನ್ ಬಿಳಿಯ ಬೆಣ್ಣೆಯಂಥದು. ಯಾರ ಜೊತೆಗೂ ಜಗಳವಿಲ್ಲ, ಆಸಿಡ್ ಬಂದು ಬೈದರೂ ನಗುತ್ತಲೇ ಇರುತ್ತದೆ. ಆದರೆ ಮೆತ್ತಗಿನ ಸ್ವಭಾವ. ಒತ್ತಿದರೆ ಒತ್ತಿದ ಕಡೆಗೆ ಜರುಗಿ, ದಿನ ಕಳೆದಂತೆ ಕೂತಲ್ಲೇ ಹರಡಿಕೊಳ್ಳುತ್ತದೆ. "ನನ್ನ ಹಾಗೇ" ಎಂದು ಅತ್ತಿಗೆ ಕುರ್ಚಿಯಲ್ಲಿ ಸ್ವಲ್ಪ ಅಲುಗಾಡಿ ತೋರಿಸುತ್ತಾರೆ. ನೈಲಾನ್ ಗಟ್ಟಿಗಿತ್ತಿ, ಎಣ್ಣೆಯ ಮನೆಗೆ ಹೇಳಿ ಮಾಡಿಸಿದ ಸೊಸೆ. ನೀರು ಕಂಡರೆ ಮಾತ್ರ ಕುಡಿದು ಊದಿಕೊಳ್ಳುತ್ತಾಳೆ. ಇನ್ನು ಪೀಕ್ ಅಂತ ಒಂದಿದೆ. ಕಂದು ಬಣ್ಣ, ಬಿಸಿಗೆ ಬಗ್ಗುವುದಿಲ್ಲ, ಒತ್ತಡಕ್ಕೆ ಜಗ್ಗುವುದಿಲ್ಲ, ನಗುವುದಂತೂ ಇಲ್ಲವೇ ಇಲ್ಲ. ಅವರು ದೊಡ್ಡ ಸಾಹೇಬರು. ಎಲ್ಲಿ ಕೂರಿಸಿದರೂ ಅದು ಅವರದೇ ಕಚೇರಿ.

ಯಾವ ನೆಂಟರನ್ನು ಎಲ್ಲಿ ಕೂರಿಸಬೇಕು ಎಂದು ತಿಳಿಯುವುದಕ್ಕೇ ಆ ಮಧ್ಯಾಹ್ನದ ಯಾತ್ರೆ. ಕಿಟಕಿಯ ಹಲಗೆಯ ಮೇಲಿನ ಮುಚ್ಚಳದ ಡಬ್ಬಿಗಳಲ್ಲಿ ಬಗೆಬಗೆಯ ದ್ರವಗಳಲ್ಲಿ ಉಂಗುರದ ಚೂರುಗಳು ನೆನೆಯುತ್ತಿರುತ್ತವೆ, ಅದು ಬೇರೆ. ಆದರೆ ಕಡೆಯ ತೀರ್ಮಾನ ಒಳಗೆ ಹೋಗಿ ಬಂದ ಮೇಲೆಯೇ. ಹೋಗಿ ಬಂದದ್ದನ್ನು ಅವರು ಹೇಳುವಾಗ ಲೇತುಗಳು ಕೂಡ ಸ್ವಲ್ಪ ನಿಧಾನವಾಗುತ್ತವೆ.

"ಅಲ್ಲಿ ಹಗಲೂ ಇಲ್ಲ, ಇರುಳೂ ಇಲ್ಲ. ಎಲ್ಲೋ ದೂರದಲ್ಲಿ ಪಂಪು ಗುಂಯ್ ಅಂತಿರತ್ತೆ, ನಿದ್ದೆಗಣ್ಣಲ್ಲಿ ಅಮ್ಮನ ಎದೆ ಕೇಳಿದ ಹಾಗೆ. ನಾನು ಗುಂಡಿನ ಕೆನ್ನೆಗೆ ಕೆನ್ನೆ ಒತ್ತಿಕೊಂಡು ಕೂತಿರ್ತೀನಿ. ಆಮೇಲೆ ಬರತ್ತೆ ನೋಡು ದ್ರವ, ಕಡೇ ಬಸ್ಸಿಗೆ ಜನ ನುಗ್ಗಿದ ಹಾಗೆ. ಆವಾಗ ತಡ್ಕೋತೀನೋ, ಜಾರ್ತೀನೋ, ಕರಗ್ತೀನೋ ಗೊತ್ತಾಗತ್ತೆ."

"ಕರಗಿದ್ರೆ?" ಎಂದು ಮೈದುನ ಕೇಳುತ್ತಾನೆ.

"ಕರಗಿದ್ರೆ ಬೇರೆ ಉಂಗುರ ಹಿಡ್ಕೊಂಡು ಮತ್ತೆ ಹೋಗ್ತೀನಿ. ಸಾಯೋದು ನನಗೆ ಅಭ್ಯಾಸ ಆಗಿದೆ ಮಾರಾಯ."

ಇಂಥ ಅತ್ತಿಗೆಯ ಮನೆಯಲ್ಲಿ ಇನ್ನೊಬ್ಬ ಮಹಾಪುರುಷರಿದ್ದಾರೆ, ಅವರ ಮಾವ. ಊರಿನ ಸೋಪಿನ ಕಾರ್ಖಾನೆಯಲ್ಲಿ ಅವರನ್ನು ಕೊಪ್ಪರಿಗೆ ದೊರೆ ಎಂದೇ ಕರೆಯುವುದು. ಒಂದು ಕೋಣೆಯಷ್ಟು ದೊಡ್ಡ ಕೊಪ್ಪರಿಗೆಯಲ್ಲಿ ಎಣ್ಣೆ ಕುದಿಯುತ್ತಿರುತ್ತದೆ. ದೊರೆಗಳು ಮೆಟ್ಟಿಲ ಮೇಲೆ ನಿಂತು, ಪಕ್ಕದ ಕೊಳವೆಯಿಂದ ಬಿಸಿ ಕಾಸ್ಟಿಕ್ ನೀರನ್ನು, ಅಂದರೆ ಮೈ ಸುಡುವ ಕ್ಷಾರವನ್ನು, ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಎಣ್ಣೆಗೂ ಕಾಸ್ಟಿಕ್‌ಗೂ ಜಗಳ ಹತ್ತಿ ನೊರೆ ಏಳುತ್ತದೆ. ಅದು ಯಾವಾಗ ಸುಮ್ಮನೆ ಗೊಣಗುತ್ತಿದೆ, ಯಾವಾಗ ನಿಜಕ್ಕೂ ಎದ್ದು ಬರುತ್ತಿದೆ ಎನ್ನುವುದು ದೊರೆಗಳ ಕಣ್ಣಿಗೆ ಗೊತ್ತು. ಎದ್ದು ಬಂದ ಕ್ಷಣದಲ್ಲಿ ವಾಲ್ವ್ ಮುಚ್ಚಬೇಕು. ಮುಚ್ಚದಿದ್ದರೆ ಸೋಪು ಕೊಪ್ಪರಿಗೆ ಬಿಟ್ಟು ದೇಶಾಟನೆಗೆ ಹೊರಡುತ್ತದೆ. ಇಷ್ಟು ವರ್ಷ ಅವರ ಕೈಯಲ್ಲಿ ಅದು ಹೊರಟಿದ್ದೇ ಇರಲಿಲ್ಲ. ಸೋಪಿನವರ ನಡುವೆ ಅದು ಸಣ್ಣ ಮಾತಲ್ಲ.

ಅಲ್ಲಿನ ಹಳೆಯ ವಾಲ್ವ್ ಸೋರುತ್ತಿತ್ತು. ಕಾಸ್ಟಿಕ್ ತೊಟ್ಟಿಕ್ಕಿ ಮೆಟ್ಟಿಲ ಬಣ್ಣ ಎದ್ದುಹೋಗಿತ್ತು. ಮಾವ ಎದೆ ತಟ್ಟಿ ಸಾರಿದರು: "ಅಲ್ಲಿ ಇಲ್ಲಿ ಯಾಕೆ ಹುಡುಕ್ತೀರಿ? ವಾಲ್ವಿಗೆ ಸೀಟು ಆರ್ಸೋದಕ್ಕೇ ಹುಟ್ಟಿದವಳು ನಮ್ಮ ಮನೇಲಿದ್ದಾಳೆ. ನಮ್ಮ ಸೊಸೆ!"

ಸೊಸೆ ಕೆಲವು ಮಧ್ಯಾಹ್ನ ಆ ಕೊಳವೆಯೊಳಗೆ ಹೋಗಿ ಬಂದರು. ಬಿಸಿ ಇತ್ತು, ಕಾಸ್ಟಿಕ್ ಇತ್ತು, ಕಾಸ್ಟಿಕ್ ಜೊತೆ ಮರಳಿನಂಥ ಉಪ್ಪಿನ ಹರಳುಗಳೂ ಇದ್ದವು. ಹೊರಗೆ ಬಂದು, ನೀರು ಕುಡಿದು, "ದೊಡ್ಡ ಸಾಹೇಬರೇ ಬೇಕು" ಎಂದರು. ಪೀಕ್ ಉಂಗುರದ ಹೊಸ ವಾಲ್ವ್ ಹೋಯಿತು, ಕೂತಿತು. ಒಂದು ಹನಿ ಸೋರಲಿಲ್ಲ. ಮಾವ ಮನೆಗೆ ಬಂದಾಗಲೆಲ್ಲ ಬಾಗಿಲಿನಿಂದಲೇ "ಇವತ್ತೂ ಒಂದು ಹನಿ ಇಲ್ಲ!" ಎಂದು ಕೂಗುತ್ತಿದ್ದರು. ಕ್ರಮೇಣ ಕೂಗು ಮೆತ್ತಗಾಯಿತು. ಆಮೇಲೆ ನಿಂತಿತು. ಯಶಸ್ಸು ಹಳೆಯದಾಗಿದೆ ಎಂದುಕೊಂಡು ಯಾರೂ ಗಮನಿಸಲಿಲ್ಲ. ಜ್ಯಾಮ್ ಸೀಸೆಯ ಮುಚ್ಚಳ ತೆಗೆಯಲು ಮಾವ ಹಿತ್ತಲಿಗೆ ಹೋಗಿ, ಯಾರಿಗೂ ಕಾಣದ ಹಾಗೆ ಬಾಗಿಲಿನ ಸಂದಿಗೆ ಸಿಕ್ಕಿಸಿ ತಿರುಗಿಸುತ್ತಿದ್ದುದನ್ನೂ ಯಾರೂ ಗಮನಿಸಲಿಲ್ಲ.

ಗಮನಿಸಿದ್ದು ಪ್ಯಾಂಟು.

ಅದೊಂದು ಸಂಜೆ ಅತ್ತೆ ಮಾವನ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕಿ ಎರಡು ಸಲ ಕುಕ್ಕಿದರು. ನೊರೆ ಬಂತು. ಇನ್ನೊಂದು ಸಲ ಕುಕ್ಕಿದರು. ನೊರೆ ಬಕೆಟ್ ತುಂಬಿ, ಬಚ್ಚಲು ತುಂಬಿ, ಹೊಸ್ತಿಲು ದಾಟಿ, ಹೂವಿನ ಮೆರವಣಿಗೆಯಂತೆ ನಡುಮನೆಗೆ ಬಂತು. ಬೆಕ್ಕು ಸೀನಿ ಕಪಾಟು ಹತ್ತಿತು.

"ಏನ್ರೀ ಇದು? ನಾನು ಸೋಪೇ ಹಾಕಿಲ್ಲ ಕಣ್ರೀ!" ಅತ್ತೆ ಒಳಗಿನಿಂದ ಕೂಗಿದರು. "ನೀವು ಸೋಪಿನ ಕಾರ್ಖಾನೆಗೆ ಕೆಲ್ಸಕ್ಕೆ ಹೋಗ್ತೀರೋ, ಸ್ನಾನಕ್ಕೆ ಹೋಗ್ತೀರೋ?"

ಮಾವ ಪೇಪರಿನ ಹಿಂದೆ ಇನ್ನಷ್ಟು ಇಳಿದರು. ಅತ್ತಿಗೆ ನೊರೆಯನ್ನು ನೋಡಿದರು. ಸಂಜೆಯ ಬಿಸಿಲಿಗೆ ಒಂದೊಂದು ಗುಳ್ಳೆಯಲ್ಲೂ ಒಂದೊಂದು ಪುಟ್ಟ ಕಿಟಕಿ, ಒಂದೊಂದು ಪುಟ್ಟ ಮಾವ. ಚೆಂದವಾಗಿತ್ತು. ಚೆಂದ ನೋಡುತ್ತ ನೋಡುತ್ತಲೇ ಇಷ್ಟು ನೊರೆ ಎಲ್ಲಿಂದ ಬಂದೀತು ಎನ್ನುವುದು ಅವರಿಗೆ ಹೊಳೆಯಿತು.

"ಮಾವ, ಕೊಪ್ಪರಿಗೆ ಉಕ್ಕಿತಾ?"

ಪೇಪರು ಇನ್ನೊಂದು ಪುಟ ತಿರುವಿತು.

"ಅಂಗೈ ತೋರಿಸಿ."

"ಅಂಗೈ ನೋಡೋಕೆ ನೀನೇನು ಜ್ಯೋತಿಷಿಯೇನಮ್ಮ?"

"ತೋರಿಸಿ ಮಾವ."

ಬಲ ಅಂಗೈಯ ಅಡ್ಡಕ್ಕೆ ವಾಲ್ವಿನ ಹಿಡಿಯ ಅಂಚು ಅಚ್ಚೊತ್ತಿದಂತೆ ಕೂತಿತ್ತು. ಮಣಿಕಟ್ಟು ಬಾತುಕೊಂಡಿತ್ತು.

"ತಿರುಗತ್ತಮ್ಮ," ಎಂದರು ಮಾವ. "ಮನಸ್ಸು ಮಾಡಿದ್ರೆ ತಿರುಗತ್ತೆ."

"ನೀವು ಮನಸ್ಸು ಮಾಡಿದ್ರಾ?"

"ಅದು ಮನಸ್ಸು ಮಾಡಿದ್ರೆ."

ಆಮೇಲೆ ಕತೆ ಹೊರಬಿತ್ತು. ಹೊಸ ವಾಲ್ವ್ ಮೊದಲಿನಿಂದಲೂ ಬಿಗಿ. ಸ್ವಲ್ಪ ಹೊತ್ತು ಹಾಗೇ ಬಿಟ್ಟರಂತೂ ಗುಂಡು ಸೀಟಿಗೆ ಕಚ್ಚಿಕೊಂಡುಬಿಡುತ್ತದೆ. ಭುಜ ಕೊಟ್ಟು ದೂಡಬೇಕು. ಮೊನ್ನೆ ನೊರೆ ಎದ್ದದ್ದು ಕಣ್ಣಿಗೆ ಕಂಡಿತು, ಕೈಗೆ ಹೇಳಿದರು, ಕೈ ಕೇಳಲಿಲ್ಲ. ನೊರೆ ಅಂಚು ಮೀರಿ ನೆಲಕ್ಕಿಳಿಯಿತು. ವಿಚಾರಿಸಲು ಓಡಿಬಂದ ಮೇಸ್ತ್ರಿ ಅದರ ಮೇಲೆ ಕಾಲಿಟ್ಟು, ಯಾರಿಗೂ ತೊಂದರೆ ಕೊಡದೆ, ಕಾರ್ಖಾನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನಿಂತ ನಿಲುವಿನಲ್ಲೇ ಪ್ರಯಾಣ ಮಾಡಿದ. ತಲುಪಿದ ಮೇಲೆ ಹೇಳಿದನಂತೆ: "ಯಜಮಾನ್ರೇ, ನಿಮ್ಮ ಕಣ್ಣು ಚೆನ್ನಾಗಿದೆ, ಕೈ ಸೋತಿದೆ. ಇನ್ನೊಂದು ಸಲ ಉಕ್ಕಿದ್ರೆ ಗೇಟಿನ ಹತ್ರ ಸ್ಟೂಲು ಹಾಕಿಸ್ತೀನಿ. ಕೂತ್ಕೊಂಡು ಲಾರಿ ನೋಡಿ."

ಲಾರಿ ನೋಡಿ! ನೊರೆಯ ಮನಸ್ಸು ಓದುವವರಿಗೆ!

"ವಾಲ್ವ್ ಬಿಗಿ ಅಂತ ಹೇಳ್ಬಾರ್ದಿತ್ತಾ ಮಾವ?"

"ಹೇಗೆ ಹೇಳ್ಲಿ? ನಮ್ಮ ಸೊಸೆ ಆರಿಸಿದ್ದು ಅಂತ ಊರಿಗೆಲ್ಲ ಡಂಗುರ ಹೊಡೆದವನು ನಾನೇ. ಒಂದು ಹನಿ ಸೋರಲ್ಲ ಅದು. ಅದು ಸರಿ ಇದೆ. ಕೈಯೇ ಸರಿ ಇಲ್ಲ."

"ಹಿಡಿ ಉದ್ದ ಮಾಡಿಸಿದ್ರೆ?"

"ಪಕ್ಕದಲ್ಲೇ ಕಂಬ. ಇನ್ನು ಒಂದು ಗೇಣು ಉದ್ದ ಆದ್ರೂ ಬಡಿಯತ್ತೆ." ಪೇಪರು ಮಡಿಚುತ್ತ, "ಸ್ಟೂಲಿಗೆ ಕುಶನ್ ಇರತ್ತಂತೆ" ಎಂದರು. ಅಷ್ಟು ಹೇಳಿ ಎದ್ದು ಹೋದರು.

ಮರುದಿನ ಮಧ್ಯಾಹ್ನ ಅತ್ತಿಗೆ ಕಂದು ಉಂಗುರ ಹಿಡಿದು ಕಣ್ಣು ಮುಚ್ಚಿದರು. ಕೊಳವೆ ಹಾಗೇ ಇತ್ತು. ಕತ್ತಲು, ಪಂಪಿನ ಗುಂಯ್ ಸದ್ದು, ಬಿಸಿ ಕಾಸ್ಟಿಕ್, ಅದರೊಳಗೆ ಮಿಣುಕುವ ಉಪ್ಪಿನ ಹರಳುಗಳು. ಅವರು ಗುಂಡನ್ನು ತಬ್ಬಿ ಕೂತಿದ್ದರು; ಕರಗಲಿಲ್ಲ, ಜಾರಲಿಲ್ಲ, ಒಂದು ಹನಿ ಬಿಡಲಿಲ್ಲ. ಹಾಯಾಗಿತ್ತು. ಆಗ ಗುಂಡು ನಡುಗಿತು. ಹೊರಗಿನಿಂದ, ಉಕ್ಕಿನ ಆಚೆಯಿಂದ ಯಾರೋ ದೂಡುತ್ತಿದ್ದರು. ಇವರು ಇನ್ನೂ ಬಿಗಿಯಾಗಿ ತಬ್ಬಿದರು. ಹೊರಗಿನವರು ಮತ್ತೆ ದೂಡಿದರು, ಉಸಿರು ಕಟ್ಟಿ, ಮೆಲ್ಲಗೆ, ಯಾರಿಗೂ ಕೇಳದ ಹಾಗೆ. ಇಷ್ಟು ವರ್ಷ ಎಷ್ಟೋ ಕೊಳವೆಗಳಲ್ಲಿ ಕೂತು ಬಂದಿದ್ದರು ಅತ್ತಿಗೆ. ಹರಿದು ಬರುವುದರ ಕಡೆಗೇ ಮುಖ ಮಾಡಿ ಕೂತಿದ್ದರು. ಹಿಡಿ ಹಿಡಿದವರ ಕಡೆಗೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಕಣ್ಣು ಬಿಟ್ಟಾಗ ಮೈದುನ ಎದುರಿಗೆ ನಿಂತಿದ್ದ. "ಏನಾಯ್ತು ಅತ್ತಿಗೆ? ಕರಗಿದ್ರಾ?"

"ಇಲ್ಲ ಕಣೋ. ಕರಗ್ಲಿಲ್ಲ, ಅದೇ ತಪ್ಪು." ಚಪ್ಪಲಿ ಮೆಟ್ಟಿ ನೇರ ಮಾಲೀಕರ ಕೋಣೆಗೆ ಹೋದರು.

ಮಾಲೀಕರಿಗೆ ತಲೆಬುಡ ಅರ್ಥವಾಗಲಿಲ್ಲ. "ಅತ್ತಿಗೆ, ಸೋರೋ ವಾಲ್ವ್ ಬಿಚ್ಚೋದು ನೋಡಿದ್ದೀನಿ. ಸೋರದೇ ಇರೋದನ್ನ ಬಿಚ್ಚೋ ಹುಚ್ಚರು ಯಾರಿದ್ದಾರೆ?"

"ಕಲ್ಲಿನ ಗೋಡೆ ಕೂಡ ಸೋರಲ್ಲ. ಅದನ್ನ ವಾಲ್ವ್ ಅಂತ ಮಾರ್ತೀರಾ?"

"ಆದ್ರೂ... ಆರಿಸಿದ್ದು ನೀವೇ ಅಲ್ವಾ?"

"ನಾನೇ. ಅದಕ್ಕೇ ಬಿಚ್ತಿರೋದೂ ನಾನೇ. ಕೊಳವೆಗೆ ಸರಿಯಾದದ್ದು ಆರಿಸ್ದೆ, ಕೈಗೆ ಆರಿಸ್ಲಿಲ್ಲ."

ಮಾಲೀಕರು ತಮ್ಮ ಕೈಯನ್ನೇ ಒಮ್ಮೆ ಮಡಿಚಿ ಬಿಡಿಸಿ ನೋಡಿಕೊಂಡರು. ಆ ವಯಸ್ಸಿನಲ್ಲಿ ಅದೊಂದು ಒಳ್ಳೆಯ ವಾದ. "ಗಾಜಿನ ಎಳೆ ಬೆರೆಸಿದ ಟೆಫ್ಲಾನ್ ಸ್ಟೋರಲ್ಲಿ ಬೇಕಾದಷ್ಟಿದೆ, ಅದನ್ನೇ ಹಾಕಿ" ಎಂದರು.

"ಬಿಸಿ ಕಾಸ್ಟಿಕ್‌ಗೆ ಗಾಜು ಅಂದ್ರೆ ಕುರುಕಲು ತಿಂಡಿ. ಬರೀ ಬಿಳೀದು ಹಾಕಿದ್ರೆ ಬಿಸಿಗೆ ಜರುಗಿಬಿಡತ್ತೆ. ಇಂಗಾಲ ಬೆರೆಸಿದ ಕಪ್ಪು ಟೆಫ್ಲಾನ್ ಒಂದಿದೆ, ಮೈ ನುಣುಪು, ಕಾಸ್ಟಿಕ್‌ಗೂ ಹೆದರಲ್ಲ. ಆದ್ರೆ ಎಷ್ಟು ಸಲೀಸಾಗಿ ತಿರುಗತ್ತೆ ಅಂತ ನೋಡ್ಬೇಕು. ಅದಕ್ಕೆ ಒಂದು ಕೈ ಬೇಕು."

"ನಮ್ಮಲ್ಲಿ ಕೈಗೇನು ಬರ? ಲೇತ್ ಹುಲಿ ನಿಮ್ಮ ಮೈದುನ ಇದ್ದಾನಲ್ಲ?"

"ಅವನ ಕೈಗೆ ಎಲ್ಲಾ ವಾಲ್ವೂ ಸಲೀಸು. ನನಗೆ ಸೋತ ಕೈ ಬೇಕು."

ಹೀಗಾಗಿ ವಾಲ್ವ್ ಕಾರ್ಖಾನೆಯ ಇತಿಹಾಸದಲ್ಲೇ ಮೊದಲ ಬಾರಿಗೆ ಅತ್ತೆಯವರ ಆಗಮನವಾಯಿತು. ಮಾವನ ಮಣಿಕಟ್ಟಿನ ನೋವು, ಅತ್ತೆಯ ಮಣಿಕಟ್ಟಿನ ನೋವು ಎರಡೂ ಓರಗೆಯವು. ಇಬ್ಬರೂ ಒಂದೇ ಎಣ್ಣೆ ಸೀಸೆಯಿಂದ ತಿಕ್ಕಿಕೊಳ್ಳುವವರು. ಅತ್ತೆ ತಮ್ಮ ಒಳ್ಳೆಯ ಬಟ್ಟೆ ತೊಟ್ಟು, ಕೈಚೀಲ ಹಿಡಿದು, ಪರೀಕ್ಷೆಯ ಮೇಜಿನ ಮುಂದೆ ತೀರ್ಪುಗಾರರ ಹಾಗೆ ನಿಂತರು. ಮೇಜಿನ ಮೇಲೆ ಮೂರು ವಾಲ್ವ್. ಒಳಗೆ ಬಿಸಿನೀರಿನ ಒತ್ತಡ. ಕಚ್ಚಿಕೊಳ್ಳುವುದಾದರೆ ಕಚ್ಚಿಕೊಳ್ಳಲಿ ಎಂದು ಅತ್ತಿಗೆ ಬೆಳಗಿನಿಂದ ಮುಚ್ಚಿಯೇ ಇಟ್ಟಿದ್ದರು. ಇಡೀ ಕಾರ್ಖಾನೆ ಕೆಲಸ ಬಿಟ್ಟು ಸುತ್ತ ನಿಂತಿತು.

ಅತ್ತೆ ಪೀಕ್ ವಾಲ್ವಿನ ಹಿಡಿಗೆ ಕೈ ಹಾಕಿದರು. ಮಿಸುಕಲಿಲ್ಲ. ಎರಡೂ ಕೈ ಹಾಕಿದರು. "ಇದು ನಿಮ್ಮ ಮಾವನೇ," ಎಂದು ಘೋಷಿಸಿದರು. "ಒಂದು ಸಲ ಕೂತ್ರೆ ಏಳೋ ಮಾತೇ ಇಲ್ಲ."

ಬಿಳಿಯದು ಬೆರಳು ತಾಗಿಸಿದ ಕೂಡಲೇ ತಿರುಗಿತು. ಅತ್ತೆಗೆ ಅನುಮಾನ ಬಂತು. "ಇದು ನನ್ನ ತಂಗಿ. ಕೇಳೋಕೆ ಮುಂಚೇನೇ ಹೂಂ ಅಂತಾಳೆ. ಇಂಥೋರ್ನ ನಂಬಿ ಬಾಗ್ಲು ಕಾಯೋಕೆ ಬಿಡ್ಬೇಡ."

ಪಾಲಿಮರ್ ವಿಷಯದಲ್ಲಿ ಇಷ್ಟು ಸರಿಯಾದ ಮಾತನ್ನು ಆ ಮೇಜಿನ ಮುಂದೆ ಇಷ್ಟು ಬೇಗ ಯಾರೂ ಆಡಿರಲಿಲ್ಲ. ಅತ್ತಿಗೆ ತುಟಿ ಕಚ್ಚಿಕೊಂಡರು.

ಮೂರನೆಯದರೊಳಗೆ ಮೈದುನ ಕಡೆದ ಕಪ್ಪು ಉಂಗುರ. ಅತ್ತೆ ಹಿಡಿ ಹಿಡಿದರು. ಒಂದು ಗಳಿಗೆ ತಡೆಯಿತು; ಆಮೇಲೆ, ನೆನೆದು ನೆನೆದು ಒಪ್ಪಿಕೊಂಡವರ ಹಾಗೆ, ನಯವಾಗಿ ತಿರುಗಿತು. ಅತ್ತೆ ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದದ್ದನ್ನು ಮೈದುನ ಹುಟ್ಟಿದ ಮೇಲೆ ಅದೇ ಮೊದಲು ಕಂಡದ್ದು.

"ಹೇಗಿದೆ ಅತ್ತೆ?"

"ಮನೇಲಿ ಇಂಥದೊಂದು ಇರ್ಬೇಕಿತ್ತು ಕಣೇ" ಎಂದರು ಅತ್ತೆ, ಹಿಡಿಯ ಮೇಲಿಂದ ಕೈ ತೆಗೆಯದೆ.

ವಾರದ ರಜೆಯ ದಿನ ಮೈದುನ ಹೋಗಿ ಸೋಪಿನ ಕಾರ್ಖಾನೆಯ ವಾಲ್ವಿಗೆ ಉಂಗುರ ಬದಲಾಯಿಸಿ ಬಂದ. "ಸರ್ವೀಸು" ಎಂದಷ್ಟೇ ಮೇಸ್ತ್ರಿಗೆ ಹೇಳಿದ. ಮಾವನಿಗೆ ಅದನ್ನೂ ಹೇಳಲಿಲ್ಲ. ಹೇಳಬೇಡ ಎಂದದ್ದು ಅತ್ತಿಗೆ. ಕೈ ಸೋತಿದೆ ಎಂದು ನಂಬಿದವರಿಗೆ ನಿಮ್ಮ ಕೈಗಾಗಿ ಮಾಡಿಸಿದೆ ಎಂದರೆ ಇನ್ನಷ್ಟು ಸೋಲುತ್ತದೆ ಎಂಬ ಯೋಚನೆ ಅವರದು.

ಮರುದಿನ ಕೊಪ್ಪರಿಗೆ ಕುದಿಯಿತು. ಹಿಡಿಯನ್ನು ಮಾವ ಇನ್ನೂ ಮುಟ್ಟಿರಲಿಲ್ಲ. ಬೆಳಗಿನ ಪಾಳಿಯವನು ತೆರೆದಿಟ್ಟು ಹೋಗಿದ್ದ. ಈ ಸಲ ರಬ್ಬರ್ ತಳದ ಬೂಟು ಹಾಕಿಕೊಂಡಿದ್ದ ಮೇಸ್ತ್ರಿ ಮೆಟ್ಟಿಲ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸ್ಟೂಲು ಆಗಲೇ ಗೇಟಿಗೆ ಹೋಗಿತ್ತಂತೆ. ನೊರೆ ಮೊದಲು ಗೊಣಗಿತು. ಆಮೇಲೆ ಒಂದು ಸುತ್ತು ತಿರುಗಿ, ಮೋಡದ ಹಾಗೆ, ನಿಧಾನವಾಗಿ, ಬೆಳ್ಳಗೆ, ಅಂಚಿನ ಕಡೆಗೆ ಎದ್ದಿತು. ದೊರೆಗಳು ಕಂಡರು. ಉಸಿರು ಬಿಗಿಹಿಡಿದರು. ಅಂಗೈಯ ಗಾಯ, ಗೇಟಿನ ಲಾರಿಗಳು, ಕುಶನ್ ಇರುವ ಸ್ಟೂಲು ಎಲ್ಲವನ್ನೂ ಒಂದೇ ಭುಜಕ್ಕೆ ತಂದು, ಕರಡಿಯ ಮೇಲೆ ಬೀಳುವವರ ಹಾಗೆ ಹಿಡಿಯ ಮೇಲೆ ಬಿದ್ದರು.

ಕರಡಿ ಇರಲಿಲ್ಲ. ಹಿಡಿ ಸರಕ್ಕನೆ ತಿರುಗಿತು. ತಡೆಯೇ ಸಿಗದ ಮಾವ ಅದೇ ರಭಸದಲ್ಲಿ ಒಂದು ಸುತ್ತು ಸುತ್ತಿ ಪಕ್ಕದ ಕಂಬವನ್ನು ಗಟ್ಟಿಯಾಗಿ ಅಪ್ಪಿಕೊಂಡು ನಿಂತರು. ನೊರೆ ಕೊಪ್ಪರಿಗೆಯ ಅಂಚಿಗೆ ಬಂದು, ಆಚೆ ಇಣುಕಿ, ಯಾಕೋ ಬೇಡವೆನಿಸಿ ಒಳಗಿಳಿಯಿತು.

ಮೇಸ್ತ್ರಿ ಸೊಂಟದ ಮೇಲಿನ ಕೈ ಇಳಿಸಿದ: "ಇಷ್ಟು ಜೋರು ಬೇಡ ಯಜಮಾನ್ರೇ. ಹಿಡಿ ಮುರಿದು ಕೈಗೆ ಬಂದೀತು."

ಆ ಸಂಜೆ ಮಾವ ಬಾಗಿಲಿನಿಂದಲೇ ಕೂಗಿದರು. ಕಂಬದ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ನಿಂತುಕೊಂಡೇ ಅಭಿನಯಿಸಿದರು. "ಸೋತ ಕೈಯಂತೆ! ಹಿಡಿ ಮುರಿದೀತು ಅಂದ, ಕೇಳಿದ್ಯಾ? ಅವನ ಬಾಯಲ್ಲೇ ಬಂತು!"

"ಕೇಳಿದೆ," ಎಂದರು ಅತ್ತೆ. "ಅದನ್ನ ಆರಿಸಿದ್ದು ನಾನು."

ಹೊಟ್ಟೆಯಲ್ಲಿ ಮಾತು ನಿಲ್ಲುವುದು ಅತ್ತೆಯ ಸ್ವಭಾವದಲ್ಲಿಲ್ಲ. ಒಂದು ಸಲ ಸುಮ್ಮನಿದ್ದದ್ದರ ಬಡ್ಡಿಯನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟರು. ಮಾವ ನಿಧಾನವಾಗಿ ಕೂತರು. ತಮ್ಮ ಅಂಗೈ ನೋಡಿಕೊಂಡರು. ಅತ್ತಿಗೆ ಬೆಕ್ಕನ್ನು ನೋಡುತ್ತಿದ್ದರು.

"ಹಂಗಾದ್ರೆ ಒಳಗೆ ಕೂತಿರೋದು ಯಾರಮ್ಮ ಈಗ?"

"ಕಪ್ಪು ಉಂಗುರ ಮಾವ. ಸಾಹೇಬರಷ್ಟು ಬಾಳಿಕೆ ಬರಲ್ಲ. ಬೇಗ ಸವೆಯತ್ತೆ, ಆಗಾಗ ಬದಲಾಯಿಸ್ತಿರ್ಬೇಕು."

"ಸವೀಲಿ ಬಿಡು. ನಾನೂ ಸವೀತಾ ಇಲ್ವಾ?"

"ನೀವು ಸವೆದ್ರೆ ಹಾಕೋಕೆ ನನ್ನತ್ರ ಇನ್ನೊಂದಿಲ್ಲ" ಎಂದು ಅತ್ತೆ ಎಣ್ಣೆ ಸೀಸೆ ತಂದು ಮುಂದೆ ಕುಕ್ಕಿದರು.

ಮಾವ ಆ ಸೀಸೆ ಬಿಟ್ಟು ಕಪಾಟಿಗೆ ಹೋದರು. ಜ್ಯಾಮಿನ ಸೀಸೆ ತೆಗೆದುಕೊಂಡು ಒಂದು ಹೆಜ್ಜೆ ಹಿತ್ತಲ ಕಡೆಗೆ ಇಟ್ಟರು. ನಿಂತರು. ವಾಪಸು ಬಂದು ಅದನ್ನು ಸೊಸೆಯ ಕೈಗೆ ಕೊಟ್ಟರು.

"ಇದೂ ಬಿಗಿ ಇದೆ ನೋಡು."

ಅತ್ತಿಗೆ ಸೀಸೆಯನ್ನು ಮಡಿಲಲ್ಲಿಟ್ಟು, ಮುಚ್ಚಳದ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿದರು. ಕಿಟಕಿಯ ಬಿಸಿಲು ಕೆಂಪಗೆ ಅವರ ರೆಪ್ಪೆಯ ಮೇಲೆ ಕೂತಿತು. ಅತ್ತೆ ಮಾವ ಇಬ್ಬರೂ ಬಗ್ಗಿ ನೋಡಿದರು. ಬೆಕ್ಕು ಕೂಡ.

"ಎಲ್ಲಿಗೆ ಹೋದೆಯಮ್ಮ?" ಮಾವ ಪಿಸುಗುಟ್ಟಿದರು.

"ಮಾತಾಡಿಸ್ಬೇಡಿ ಮಾವ. ಈ ಸಲ ಹೊರಗಿದ್ದೀನಿ."